ಎಲ್ಲರಿಗೂ ಒಂದೇ ಪಟ್ಟಿ

ಕಂಪಾಸ್ ಬಾಕ್ಸಿನ ಮುಚ್ಚಳ ತೆಗೆದ ಕೂಡಲೇ ಸೀಮೆಸುಣ್ಣದ ವಾಸನೆ ಬಂತು. ಒಳಗಿದ್ದದ್ದು ಒಂದು ಪೆನ್‌ಡ್ರೈವ್ ಮಾತ್ರ. ಕಳೆದ ವಾರ ಮೇಡಂ ಅವರ ತಮ್ಮ ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ ಮನೆ ಹುಡುಕಿಕೊಂಡು ಬಂದು ಕೊಟ್ಟಿದ್ದರು. "ಅಕ್ಕ ತೀರ್ಹೋಗೋಕ್ ಮುಂಚೆ ಇದು ನಿಮ್ಗೇ ಸೇರ್ಬೇಕು ಅಂದಿದ್ಲು ಮಾರಾಯ್ರೆ," ಎಂದರು.

ಮೇಡಂ ಭದ್ರಾವತಿಯ ಹೈಸ್ಕೂಲಿನಲ್ಲಿ ನಮಗೆ ಗಣಿತ ಹೇಳಿಕೊಟ್ಟವರು. ಲೆಕ್ಕ ಮುಗಿಯುವ ಮೊದಲೇ ಗಂಟೆ ಹೊಡೆದರೆ ಬೋರ್ಡಿನ ಮೂಲೆಯಲ್ಲಿ 'ಅಳಿಸಬೇಡಿ' ಎಂದು ಬರೆದು ಹೋಗುತ್ತಿದ್ದರು. ಮುಂದಿನ ಮೇಷ್ಟ್ರು, ಪಾಪ, ಉಳಿದ ಜಾಗದಲ್ಲೇ ಪಾಠ ಮುಗಿಸಬೇಕಿತ್ತು.

ಇಂಗ್ಲಿಷಿಗೆ ಹೆದರುವ ಮಕ್ಕಳಿಗಾಗಿ ಅವರು ಕನ್ನಡದಲ್ಲೇ ಪ್ರೋಗ್ರಾಂ ಬರೆಯುವ ಪುಟ್ಟ ಭಾಷೆಯೊಂದನ್ನು ಕಟ್ಟಿದರು. ಅದನ್ನು ಓದಿ ನಡೆಸುವ ಇಂಟರ್‌ಪ್ರಿಟರ್‌ಗೆ, ಆಗಷ್ಟೇ ಡಿಪ್ಲೊಮಾ ಮುಗಿಸಿದ್ದ ನಾನೂ ಕೈ ಹಾಕಿದೆ. ಮಕ್ಕಳು ಕೊಡುವ ಹೆಸರು, ಅಂಕಿಗಳನ್ನು ಒಬ್ಬೊಬ್ಬರಿಗೂ ಬೇರೆ ಪಟ್ಟಿಯಲ್ಲಿ ಇಡಬೇಕಿತ್ತು. ನಾನು ಒಂದೇ ಸಾಲಿನಲ್ಲಿ ಎಲ್ಲರಿಗೂ ಒಂದೇ ಪಟ್ಟಿ ಮಾಡಿ ಕೈತೊಳೆದುಕೊಂಡೆ. ಆತುರಗಾರನಿಗೆ ಬುದ್ಧಿ ಮಟ್ಟ. ಒಬ್ಬನೇ ಕೂತು ನಡೆಸಿ ನೋಡಿದಾಗ ಚೆನ್ನಾಗಿಯೇ ನಡೆಯಿತು.

ಈ ಭಾಷೆಯನ್ನು ಪಾಠಕ್ಕೆ ಸೇರಿಸಬಹುದೇ ಎಂದು ನೋಡಲು ಶಿವಮೊಗ್ಗದಿಂದ ಅಧಿಕಾರಿಗಳು ಬಂದ ದಿನ ಮಕ್ಕಳೆಲ್ಲ ಒಂದಕ್ಕೊಂದು ಜೋಡಿಸಿದ್ದ ಕಂಪ್ಯೂಟರುಗಳ ಮುಂದೆ ಒಟ್ಟಿಗೆ ಕೂತರು. ಒಬ್ಬಳು 'ವಯಸ್ಸು' ಎಂದು ಹದಿಮೂರು ಬರೆದಳು. ಪಕ್ಕದವನು ಅದೇ ಹೆಸರಿನಲ್ಲಿ ಅಜ್ಜಿಯ ವಯಸ್ಸು ಬರೆದ. ಅವಳ ಪರದೆ ಅವಳಿಗೆ ಎಂಬತ್ತೊಂದು ಎಂದಿತು! ಮಕ್ಕಳು ಬಿದ್ದು ಬಿದ್ದು ನಕ್ಕರು, ಅಧಿಕಾರಿಗಳು ನಗಲಿಲ್ಲ.

"ಯಾರು ಮಾಡಿದ್ದು ಇದನ್ನ?"

"ನನ್ನದೇ ತಪ್ಪು ಸಾರ್," ಎಂದರು ಮೇಡಂ.

ನಾನು ಅವರ ಹಿಂದೆಯೇ ನಿಂತಿದ್ದೆ. ಅವರ ಭಾಷೆ ಪಾಠಕ್ಕೆ ಸೇರಲಿಲ್ಲ. ನಾಚಿಕೆಯಿಂದ ನಾನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಈಗ ಒಂದು ವಾರದಿಂದ ಪೆನ್‌ಡ್ರೈವಿನಲ್ಲಿದ್ದ ಆ ಇಂಟರ್‌ಪ್ರಿಟರ್ ಮುಂದೆ ಕೂತಿದ್ದೇನೆ. ಆ ಪಟ್ಟಿಯನ್ನು ಒಬ್ಬೊಬ್ಬರಿಗೆ ಒಡೆದರೆ ಲೆಕ್ಕ ಕೂಡುವುದು ನಿಲ್ಲುತ್ತದೆ, ಅದನ್ನು ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ. ಎಲ್ಲವೂ ಅದಕ್ಕೇ ಜೋತುಬಿದ್ದಿದೆ. ನನ್ನ ಕೈಲಿ ಆಗುತ್ತಿಲ್ಲ. ಆದರೂ ಯಾರಿಗೆ ತೋರಿಸಲಿ...

ನನ್ನ ಸಾಲಿನ ಮೇಲೆ ಮೇಡಂ ಬರೆದ ಟಿಪ್ಪಣಿಯೊಂದು ನಿನ್ನೆ ಕಣ್ಣಿಗೆ ಬಿತ್ತು. ಅಧಿಕಾರಿಗಳು ಬಂದುಹೋದ ಮರುದಿನದ ತಾರೀಖು. 'ಇದನ್ನು ಬರೆದವನು ಬಂದು ಸರಿಮಾಡುತ್ತಾನೆ. ಅಳಿಸಬೇಡಿ.'

ಇಷ್ಟು ವರ್ಷವೂ ನಮ್ಮ ಮನೆಯಿಂದ ಭದ್ರಾವತಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯಷ್ಟೇ ಇತ್ತು.