ಸಕ್ಕರೆ, ನಿಂಬೆಹಣ್ಣು ತಿಕ್ಕಿದ ಮುಖ

ಮುಖ ತಿಕ್ಕುವ ವಿಷಯ ಯಾರಾದರೂ ನನ್ನೆದುರು ಎತ್ತಿದರೆ ನಾನು ಸುಮ್ಮನೆ ಕೂರುವವಳಲ್ಲ. ಮದುವೆ ಮನೆಯಾಗಲಿ, ಬಸ್ಸಾಗಲಿ, ಗುರುತಿಲ್ಲದ ಹುಡುಗಿಯಾದರೂ ಸರಿ, ತಡೆದು ಹೇಳುತ್ತೇನೆ. ವಾರಕ್ಕೊಂದು ಸಲ ಸಾಕು. ಮೊದಲು ಮುಖ ಒದ್ದೆ ಮಾಡಿಕೋ. ಜರಡಿ ಹಿಡಿದ ಕಡಲೆಹಿಟ್ಟಿಗೆ ಮೊಸರು ಕಲಸಿ, ಮೊದಲು ಮೊಣಕೈ ಒಳಗೆ ಹಚ್ಚಿ ನೋಡು, ಆಮೇಲೆ ಬೆರಳ ತುದಿಯಿಂದ ಮುಖಕ್ಕೆ ಸವರು. ಪಾತ್ರೆ ಉಜ್ಜಿದ ಹಾಗೆ ಉಜ್ಜಬೇಡ. ಮೊಡವೆ ಇದ್ದ ಕಡೆ ಮುಟ್ಟಲೇಬೇಡ. ಉರಿದರೆ ತಕ್ಷಣ ತೊಳೆದುಬಿಡು. ನಾಳೆ ಏನಾದರೂ ಕಾರ್ಯಕ್ರಮ ಇದೆಯೆಂದರೆ ಇವತ್ತು ಈ ಉಸಾಬರಿಗೇ ಹೋಗಬೇಡ. "ನೀವು ಪಾರ್ಲರ್ ಇಟ್ಟಿದೀರಾ ಅಕ್ಕಾ?" ಎಂದು ಕೇಳುತ್ತಾರೆ. ಇಲ್ಲಮ್ಮ, ನಾನು ಇದನ್ನೆಲ್ಲ ಕಲಿತದ್ದು ಮುಖ ಸುಟ್ಟುಕೊಂಡು. ಅದೂ ನಾನು ಎಲ್ಲರಿಗಿಂತ ಹೆಚ್ಚು ನಂಬಿದವಳ ಕೈಯಲ್ಲಿ.

ಹೊಸೂರು ರಸ್ತೆಯ ಉದ್ದನೆಯ ಮೇಲ್ಸೇತುವೆ ಹೊಸದಾಗಿ ತೆರೆದಿದ್ದ ಕಾಲ ಅದು. ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸಕ್ಕಿದ್ದೆ. ಬೆಸುಗೆ ಹಾಕಿದ ಬೋರ್ಡುಗಳನ್ನು ಭೂತಗನ್ನಡಿಯ ಕೆಳಗಿಟ್ಟು ತಪ್ಪು ಹುಡುಕುವುದು ನಮ್ಮ ಕೆಲಸ. ಸಿಂಗಸಂದ್ರದಲ್ಲಿ ಓನರ್ ಮನೆಯ ಹಿಂಭಾಗದ ಒಂದೇ ಬಾಡಿಗೆ ಕೋಣೆಯಲ್ಲಿ ನಾನೂ ಆ ನಂಬಿದವಳೂ ಇದ್ದೆವು. ಅವಳು ಕೊಪ್ಪಳದ ಕಡೆ ನಮ್ಮ ಪಕ್ಕದ ಊರಿನವಳು, ನನಗಿಂತ ಸ್ವಲ್ಪ ದೊಡ್ಡವಳು, ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ನನಗಿಂತ ಮೊದಲೇ ಬಂದು ಬೋರ್ಡು ನೋಡುವ ಅದೇ ಲೈನಿನಲ್ಲಿ ಕೂತಿದ್ದವಳು. ನನ್ನನ್ನು ಊರಿಂದ ಕರೆತಂದು, ಸೂಪರ್‌ವೈಸರ್ ಎದುರು ನಿಲ್ಲಿಸಿ, ಕೆಲಸ ಕೊಡಿಸಿದ್ದೂ ಅವಳೇ. ಅವ್ವನಿಗೆ ಹೇಳದ ಮಾತನ್ನು ಅವಳಿಗೆ ಹೇಳಿದ್ದೇನೆ.

ಲೈನಿನಲ್ಲಿ ನಮ್ಮ ಮುಖ ಯಾರಿಗೂ ಬೇಕಿರಲಿಲ್ಲ. ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಕಾಣುತ್ತಿದ್ದದ್ದು ಕಣ್ಣು ಮಾತ್ರ. ಆದರೆ ವಿದೇಶಿ ಕಸ್ಟಮರ್ ಬರುವ ದಿನ ನಮ್ಮ ಎಚ್.ಆರ್. ಮೇಡಂಗೆ ಇದ್ದಕ್ಕಿದ್ದಂತೆ ಸಂಸ್ಕೃತಿ ನೆನಪಾಗುತ್ತಿತ್ತು. ರೇಷ್ಮೆ ಸೀರೆ ಉಟ್ಟ ಹುಡುಗಿಯೊಬ್ಬಳು ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತು, ಕೋಟು ಹಾಕಿದ ಆ ಬಿಳಿ ಹಣೆಗಳಿಗೆ ಕುಂಕುಮ ಇಡಬೇಕು. ಇದರಲ್ಲೇನು ದೊಡ್ಡಸ್ತಿಕೆ ಎನ್ನಬೇಡಿ. ಹಿಂದಿನ ಸಲ ಆರತಿ ಎತ್ತಿದವಳನ್ನು ದೊಡ್ಡ ಸಾಹೇಬರು ನೋಡಿ ರಿಸೆಪ್ಷನ್‌ಗೆ ಹಾಕಿಸಿದ್ದರು. ಅವಳು ಪರ್ಮನೆಂಟ್ ಆಗಿ, ಮದುವೆಯಾಗಿ, ಈಗ ಕೆಲಸ ಬಿಡುವುದರಲ್ಲಿದ್ದಳು. ಆ ಕುರ್ಚಿ ಖಾಲಿಯಾಗುತ್ತದೆ ಎಂದು ಲೈನಿನಲ್ಲಿ ಪ್ರತಿಯೊಬ್ಬಳಿಗೂ ಗೊತ್ತಿತ್ತು. ನನಗಂತೂ ಅದು ಬೇಕೇಬೇಕಿತ್ತು. ಕಾಂಟ್ರಾಕ್ಟ್ ಮುಗಿದು ಊರಿಗೆ ಹೋದರೆ ಸೋದರಮಾವ ಬಾಸಿಂಗ ಕಟ್ಟಿಕೊಳ್ಳಲು ತಯಾರಾಗಿ ಕೂತಿದ್ದ.

ಆ ಸಲ ಮೇಡಂ ಲೈನಿಗೇ ಬಂದು, ಒಬ್ಬೊಬ್ಬರದೇ ಮಾಸ್ಕು ಇಳಿಸಲು ಹೇಳುತ್ತ ನಡೆದರು. ಅಕ್ಕನ ಮುಖ ನೋಡಿ ಮುಂದೆ ಹೋದರು. ನನ್ನ ಎದುರು ನಿಂತರು.

"ನೀನೇ ನಿಂತ್ಕೊಳಮ್ಮ ನಾಡಿದ್ದು. ಆದ್ರೆ ಮುಖ ಸ್ವಲ್ಪ ಡ್ರೈ ಆಗಿದೆ. ಸ್ಕ್ರಬ್ ಗಿಬ್ ಏನಾದ್ರೂ ಮಾಡ್ಕೊಂಡು ಫ್ರೆಶ್ಶಾಗಿ ಬಾ."

ಡ್ರೈ ಆಗದೆ ಏನಾದೀತು? ಸಿಂಗಸಂದ್ರದ ಬೋರ್‌ವೆಲ್ ನೀರಿಗೆ ಬಕೆಟ್ಟೇ ಬೆಳ್ಳಗೆ ಉಪ್ಪುಗಟ್ಟುತ್ತಿತ್ತು. ಮಾಸ್ಕಿನ ಅಂಚು ಕೂರುವ ಕಡೆಯೆಲ್ಲ ಸಣ್ಣ ಸಣ್ಣ ಗುಳ್ಳೆ, ಮೂಗಿನ ಪಕ್ಕ ಹೊಟ್ಟು. ಸ್ಕ್ರಬ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಅಕ್ಕನಿಗೆ ಗೊತ್ತಿತ್ತು. ಆ ಸಂಜೆ ಅವಳು ನನ್ನನ್ನು ತಬ್ಬಿಕೊಂಡಳು, ತನ್ನ ಹಸಿರು ರೇಷ್ಮೆ ಸೀರೆ ತೆಗೆದುಕೊಟ್ಟಳು. ಕುಪ್ಪಸ ನನಗೆ ಸಡಿಲವಾಗಿತ್ತು, ಒಂದು ಹೊಲಿಗೆ ಹಾಕಿಕೊಳ್ಳುತ್ತೇನೆ ಎಂದರೆ, "ಪಿನ್ ಚುಚ್ಚಿದ್ರ ಸಾಕ ಬಿಡ, ಹೊಲಿಗಿ ಯಾಕ?" ಎಂದಳು. ನನಗೆ ಅದರಲ್ಲೇನೂ ಕಾಣಲಿಲ್ಲ.

ಮರುದಿನ ಸಂಜೆ, ಅಂದರೆ ಕಸ್ಟಮರ್ ಬರುವ ಹಿಂದಿನ ದಿನ, ಅವಳು ಬಟ್ಟಲಿಗೆ ದಪ್ಪ ಸಕ್ಕರೆ ಸುರಿದು ನಿಂಬೆಹಣ್ಣು ಹಿಂಡಿದಳು. ಪ್ರತಿ ಭಾನುವಾರ ಅವಳು ತನ್ನ ಮುಖಕ್ಕೆ ಕಡಲೆಹಿಟ್ಟು ಮೊಸರು ಹಚ್ಚಿಕೊಳ್ಳುತ್ತಿದ್ದದ್ದನ್ನು ನೋಡಿದ್ದೆ.

"ಕಡ್ಲಿಹಿಟ್ಟ ಬ್ಯಾಡೇನಕ್ಕಾ?" ಎಂದೆ.

"ಅದು ಮನ್ಯಾಗಿದ್ದಾಗ ಮಾಡೂದು. ಫಂಕ್ಷನ್ನಿಗೆ ಇದ ಬೇಕು. ಮುಖ ಹೊಳೀತೈತಿ ನೋಡ."

ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದಳು. ಸಕ್ಕರೆಯ ಹರಳುಗಳು ಕೆನ್ನೆಯನ್ನು ಗೀರುತ್ತಿದ್ದವು, ಗೀರಿದ ಕಡೆಗೆಲ್ಲ ಹುಳಿ ಇಳಿಯುತ್ತಿತ್ತು. "ಉರಿಯಾಕತ್ತೈತಿ ಅಕ್ಕಾ" ಎಂದು ಎದ್ದೇಳಲು ಹೋದೆ. ಅವಳು ಭುಜ ಹಿಡಿದು ಮಲಗಿಸಿದಳು.

"ಉರಿದ್ರನ ಹೊಲಸ ಹೋಗೂದು. ತಡಕೋ ಸ್ವಲ್ಪ."

ತಡೆದುಕೊಂಡೆ. ಕಣ್ಣಲ್ಲಿ ನೀರು ಬಂದಾಗ ಸೆರಗಿನಿಂದ ಒರೆಸಿದಳು. ಆಮೇಲೆ ಬಿಸಿನೀರಲ್ಲಿ ತೊಳೆಸಿ, ಒರಟು ಟವೆಲ್ಲಿನಿಂದ ಇನ್ನೊಮ್ಮೆ ಉಜ್ಜಿದಳು. ಕನ್ನಡಿಯಲ್ಲಿ ಮುಖ ಕೆಂಪಗೆ ಹೊಳೆಯುತ್ತಿತ್ತು. ನಾನು ಪೆದ್ದಿ, ಅದನ್ನೇ ಕಳೆ ಅಂದುಕೊಂಡೆ.

ಬೆಳಗ್ಗೆ ಏಳುವಷ್ಟರಲ್ಲಿ ಎರಡೂ ಕೆನ್ನೆ ಊದಿದ್ದವು. ಮಾಸ್ಕಿನ ಗೆರೆ ಇದ್ದಲ್ಲಿ ಚರ್ಮ ಸುಲಿದು ನೀರು ಒಸರುತ್ತಿತ್ತು. ಪೌಡರ್ ಹಾಕಿದರೆ ಹಿಟ್ಟಿನ ಉಂಡೆಯಂತೆ ಅಲ್ಲಲ್ಲೇ ಮೆತ್ತಿಕೊಂಡಿತು. ಅಕ್ಕ "ಅಯ್ಯ, ನಿನ್ನ ಚರ್ಮ ಭಾಳ ಸೂಕ್ಷ್ಮ ಐತಲ್ಲ" ಎಂದು ಲೊಚಗುಟ್ಟಿದಳು. ಅದೇ ಸೀರೆ ಉಟ್ಟು, ಮುಖಕ್ಕೆ ಕರ್ಚೀಫ್ ಹಿಡಿದು ಹೋದೆ.

ಮೇಡಂ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. "ಏನಮ್ಮ ಇದು? ಅಲರ್ಜಿನಾ? ಹಿಂಗೆ ಕಸ್ಟಮರ್ ಮುಂದೆ ನಿಲ್ಸಕ್ಕಾಗುತ್ತಾ? ಬೇರೆ ಯಾರಿದಾರೆ ನೋಡಿ ಬೇಗ!" ಅಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು, ತಲೆ ಬಾಚಿ, ಮಲ್ಲಿಗೆ ಮುಡಿದು. ಲೇಡೀಸ್ ಟಾಯ್ಲೆಟ್ಟಿನಲ್ಲಿ ನಾನು ಸೀರೆ ಬಿಚ್ಚಿಕೊಟ್ಟೆ, ಅವಳು ಉಟ್ಟಳು. ಕುಪ್ಪಸದ ಪಿನ್ ತೆಗೆದದ್ದೇ ತಡ, ಅವಳ ಮೈಗೆ ಸರಿಯಾಗಿ ಕೂತಿತು. ನಾನು ಟೋಪಿ, ಮಾಸ್ಕು ಹಾಕಿಕೊಂಡು ಲೈನಿಗೆ ಹೋದೆ. ಮಾಸ್ಕು ಹಸಿ ಗಾಯದ ಮೇಲೆ ಉಜ್ಜಿ ಉಜ್ಜಿ ಸಂಜೆಯವರೆಗೂ ಜೀವ ಹೋಗಿ ಬಂತು.

ಆದರೂ ನನಗೆ ಅನುಮಾನ ಬರಲಿಲ್ಲ ನೋಡಿ. ನನ್ನ ಹಣೆಬರಹ ಎಂದುಕೊಂಡೆ. ಮುಲಾಮು ತಂದುಕೊಟ್ಟವಳೂ ಅವಳೇ. ಕೆಲವೇ ದಿನಗಳಲ್ಲಿ ಅವಳಿಗೆ ರಿಸೆಪ್ಷನ್ ಆರ್ಡರ್ ಬಂದಾಗ ನಾನೇ ಪೇಡೆ ತಂದು ಲೈನಿಗೆಲ್ಲ ಹಂಚಿದೆ.

ಆ ಭಾನುವಾರ ನಲ್ಲಿ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಓನರ್ ಆಂಟಿ ಹಸುವಿಗೆ ಬೂಸಾ ಕಲಸುತ್ತ ನನ್ನ ಮುಖವನ್ನೇ ನೋಡಿದರು.

"ಇದೇನಮ್ಮ, ನಿಂಗೂ ಅಂಗೇ ಆಯ್ತಾ? ಓದ್ವರ್ಸ ಅವ್ಳೂ ಇಂಗೇ ಸಕ್ಕರೆ, ನಿಂಬೆಹಣ್ಣು ಉಜ್ಕೊಂಡು ಮುಖ ಸುಟ್ಕೊಂಡಿದ್ಲು. ನಾನೇ ಮೊಸರು ಅಚ್ಚಿ, ಇನ್ಮೇಲೆ ಕಡ್ಲೆಹಿಟ್ಟಲ್ಲಿ ಮೆತ್ತಗೆ ಸವರ್ಕೋ ಅಂತ ಬಯ್ದಿದ್ದೆ. ನಿಂಗೇಳ್ಲಿಲ್ವಾ ಅವ್ಳು?"

ಕುಲಕ್ಕೆ ಮೃತ್ಯು ಕೊಡಲಿ ಕಾವು ಎಂಬ ಮಾತನ್ನು ಅಜ್ಜಿ ಬಾಯಲ್ಲಿ ಬೇಕಾದಷ್ಟು ಸಲ ಕೇಳಿದ್ದೆ. ಅದರ ಅರ್ಥ ಮೈಗೆ ತಾಗಿದ್ದು ಆ ನಲ್ಲಿಯ ಬುಡದಲ್ಲಿ. ತಿಳಿಯದೆ ಮಾಡಿದ್ದರೆ ಒಂದು ಮಾತು. ಅವಳಿಗೆ ಆ ಉರಿ ಎಷ್ಟೆಂದು ತನ್ನ ಕೆನ್ನೆಯ ಮೇಲೇ ಗೊತ್ತಿತ್ತು.

ಒದ್ದೆ ಕೈಯಲ್ಲೇ ಕೋಣೆಗೆ ಹೋಗಿ ಕೇಳಿದೆ. ಅವಳು ಸುಳ್ಳು ಹೇಳುತ್ತಾಳೆ, ಆಣೆ ಹಾಕುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ.

"ಆ ಗಾಯ ಮಾಸಿ ಹೋಗತೈತಿ ಅಂತ ಗೊತ್ತಿತ್ತು. ನಂದೂ ಹೋಗಿತ್ತಲ್ಲ," ಎಂದಳು.

"ಮತ್ತ ಯಾಕ ಮಾಡಿದಿ?"

"ನಿನ್ನ ಕರಕೊಂಡ ಬಂದಾಕಿ ನಾನು. ಕೆಲಸ ಕೊಡಿಸಿದಾಕಿ ನಾನು. ಆ ಮೇಡಂ ನನ್ನ ಮಾರಿ ನೋಡಿ ಮುಂದ ಹೋದ್ಲು, ನಿನ್ನ ಮುಂದ ನಿಂತ್ಲು."

"ಕೇಳಿದ್ರ ನಾನ ಬಿಟ್ಟುಕೊಡ್ತಿದ್ದೆ ಅಕ್ಕಾ."

"ಕೊಡ್ತಿದ್ದಿ. ಆಮ್ಯಾಲ ಸಾಯೂತನಕ ನೀ ಕೊಟ್ಟದ್ದು ಅಂತ ಆಗ್ತಿತ್ತು."

ಇಷ್ಟು ಹೇಳಿ ರೊಟ್ಟಿ ತಿರುವಿದಳು. ನನಗೆ ಬಂದ ಸಿಟ್ಟಿಗೆ ಆ ಹಂಚನ್ನೇ ಎತ್ತಿ ಎಸೆಯಬೇಕಿತ್ತು. ಎಸೆಯಲಿಲ್ಲ, ಬಯ್ಯಲೂ ಇಲ್ಲ. ನನಗೆ ಆ ಹೊತ್ತು ಅನ್ನಿಸಿದ್ದು ಒಂದೇ: ಇವಳನ್ನು ಬಿಟ್ಟರೆ ಇದನ್ನು ಹೇಳಿಕೊಂಡು ಅಳಲು ಈ ಊರಲ್ಲಿ ನನಗೆ ಇನ್ನೊಬ್ಬರಿಲ್ಲ. ಮುಂದಿನ ವಾರ ಅವಳು ಬೇರೆ ಕೋಣೆ ಹಿಡಿದು ಹೋದಳು.

ಕೆಲವು ತಿಂಗಳ ಮೇಲೆ ಕಂಪನಿಗೆ ಆರ್ಡರ್ ಕಡಿಮೆಯಾದಾಗ ನಮ್ಮ ಲೈನಿನ ಕಾಂಟ್ರಾಕ್ಟ್ ನಿಂತಿತು. ಕೊನೆಯ ದಿನ ಐಡಿ ಕಾರ್ಡನ್ನು ರಿಸೆಪ್ಷನ್‌ನಲ್ಲಿ ಒಪ್ಪಿಸಿ ಹೋಗಬೇಕು ಎಂದರು. ಮೇಜಿನ ಹಿಂದೆ ಅವಳಿದ್ದಳು. ಕಾರ್ಡು ತೆಗೆದುಕೊಂಡು, ಅದರಲ್ಲಿದ್ದ ಫೋಟೊ ನೋಡಿ, ನನ್ನ ಕಡೆ ನೋಡಿದಳು. ಬೆಂಗಳೂರಿನವರ ಹಾಗೆ ಮಾತಾಡುವುದನ್ನು ಆಗಲೇ ಕಲಿತಿದ್ದಳು.

"ಮುಖ ಎಲ್ಲಾ ಸರಿಹೋಯ್ತಲ್ಲ," ಎಂದಳು, ಸಮಾಧಾನವಾದವಳಂತೆ.

ಸರಿಹೋಗಿತ್ತು. ಅವಳು ಮಾಡಿದ್ದನ್ನು ಯಾರಿಗಾದರೂ ತೋರಿಸೋಣವೆಂದರೆ ನನ್ನ ಮುಖದ ಮೇಲೆ ಒಂದು ಚುಕ್ಕೆಯೂ ಉಳಿದಿರಲಿಲ್ಲ.