ಮೋಟರೋ, ಪಂಪೋ

ಗುಂಯ್‌ಗುಡುವ ಯಂತ್ರ ಯಾವುದೇ ಇರಲಿ, ಊರವರು ಅದನ್ನು ಮೋಟರ್ ಎಂದು ಕರೆದು ಸುಮ್ಮನಾಗುತ್ತಿದ್ದ ಕಾಲ ಅದು. ಯಾವಗಲ್ ಊರಿನ ನಮ್ಮ ಹೊಲದ ಬಾವಿ ದಂಡೆಯಲ್ಲಿ ಕರೆಂಟಿಗೆ ತಿರುಗುವ ಮೋಟರ್, ಅದು ತಿರುಗಿಸುವ ಪಂಪ್ ಅಕ್ಕಪಕ್ಕ ಕೂತಿದ್ದವು. ನಮಗೆ ಎರಡೂ ಒಂದೇ. ಲಂಗಕ್ಕೆ ಗ್ರೀಸ್ ಮೆತ್ತಿಕೊಂಡು ಅಲ್ಲೇ ಆಡುತ್ತಿದ್ದ ನನಗಂತೂ ಇಂಜಿನ್, ಮಶಿನ್ ಎಲ್ಲವೂ ಅದೇ.

ನಾನು ನಾಲ್ಕನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಅದು ಗಕ್ಕನೆ ನಿಂತಿತು. ಸ್ವಿಚ್ ಒತ್ತಿದರೆ ನರಳುತ್ತಿತ್ತು, ಅಷ್ಟೇ. ಮಡಿಯಲ್ಲಿ ಮೆಣಸಿನ ಸಸಿ ಗೇಣುದ್ದ ಎದ್ದಿತ್ತು. ಎರಡು ದಿನ ನೀರು ತಪ್ಪಿದರೆ ಅಷ್ಟೂ ಒಣಗಿಹೋಗುತ್ತಿತ್ತು. ಅಪ್ಪ ನರಗುಂದಕ್ಕೆ ಫೋನ್ ಮಾಡಿ, ಮೋಟರ್ ಸುಟ್ಟಿದೆ ಎಂದು ಹೇಳಿಬಿಟ್ಟ.

ಮಧ್ಯಾಹ್ನದ ಬಸ್ಸಿಗೆ ಮೆಕ್ಯಾನಿಕ್ ಮಲ್ಲಪ್ಪ ಕಾಕಾ ಬಂದರು. ಅವರದೊಂದು ಪದ್ಧತಿ. ಕೆಟ್ಟಿದ್ದರ ಸರಿಯಾದ ಹೆಸರನ್ನು ಮನೆಯವರ ಬಾಯಿಂದ ಹೇಳಿಸದೆ ಪಾನಾ ಹಿಡಿದು ರಿಪೇರಿಗೆ ಕೂರುತ್ತಿರಲಿಲ್ಲ. ಅಪ್ಪ ಮತ್ತೆ ಮೋಟರ್ ಎಂದ. ಅದನ್ನು ನರಗುಂದಕ್ಕೆ ಒಯ್ಯಲು ಟ್ರ್ಯಾಕ್ಟರ್ ಕೂಡ ತರಿಸಿ ನಿಲ್ಲಿಸಿದ್ದ. ಒಯ್ದರೆ ತಂತಿ ಸುತ್ತಿಸಿ ತರಲು ಎಂಟು ದಿನ. ಕಾಕಾ ಪರೀಕ್ಷೆಗೆಂದು ಎರಡನ್ನೂ ಜೋಡಿಸಿದ್ದ ಬೋಲ್ಟುಗಳನ್ನಷ್ಟೇ ಕಳಚಿದರು. ಮೋಟರ್ ಒಂದನ್ನೇ ಚಾಲೂ ಮಾಡಿ, ಅದರ ಮೈಗೆ ಸ್ಕ್ರೂಡ್ರೈವರಿನ ತುದಿ ಆನಿಸಿ, ಹಿಡಿಕೆಯನ್ನು ನನ್ನ ಕಿವಿಗೆ ಹಿಡಿದರು.

ಆ ಕಬ್ಬಿಣದ ಹೊಟ್ಟೆಯಲ್ಲಿ ಎಷ್ಟು ನುಣುಪಾದ ದನಿಯಿತ್ತು! ಮೈ ಜುಮ್ಮೆಂದಿತು. ಆಮೇಲೆ ಮೋಟರ್ ಬಂದ್ ಮಾಡಿ, ಪಂಪನ್ನು ಕೈಯಿಂದ ಆಚೀಚೆ ತುಸು ತಿರುವುತ್ತ ಅದನ್ನೂ ಕೇಳಿಸಿದರು. ಒಳಗೇನೋ ಕಟಕಟ ಕಡಿಯುತ್ತಿತ್ತು.

"ಹೇಳವ್ವಾ, ಯಾವ್ದು ಕೆಟ್ಟೈತಿ?"

ಅಪ್ಪನ ಮುಖ ನೋಡಿದೆ. "ಪಂಪ್‌ರಿ," ಎಂದೆ.

ಅಪ್ಪ ನಕ್ಕ. ಕೂಸಿಗೇನು ತಿಳಿಯುತ್ತದೆ ಎಂದ.

"ತಪ್ಪ ಹೆಸರ ಹೇಳಿದ್ರ ತಪ್ಪ ಜಾಗಾ ಬಿಚ್ಚತೀವಿ," ಎಂದರು ಕಾಕಾ. "ಅಕಿ ಖರೇ ಹೇಳ್ಯಾಳ."

ಪಂಪ್ ಬಿಚ್ಚಿದಾಗ ರೆಕ್ಕೆಗಳ ನಡುವೆ ಹುಣಸೆಬೀಜದಷ್ಟು ಕಲ್ಲು ಸಿಕ್ಕಿತು. ಸಂಜೆಗೆಲ್ಲ ಮಡಿಗೆ ನೀರು ಹರಿಯಿತು. ಅಪ್ಪ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ರೊಟ್ಟಿಗೆ ಶೇಂಗಾ ಹಿಂಡಿ ನಂಜಿಕೊಂಡು ತಿಂದ. ಇಡೀ ಊರೇ ನನ್ನ ಮಾತು ಕೇಳಿದಷ್ಟು ಬೀಗಿದ್ದೆ.

ಈಗ ನೀರೆತ್ತುವ ಯಂತ್ರ ಬೋರ್‌ವೆಲ್ಲಿನ ಆಳದಲ್ಲೆಲ್ಲೋ ಇದೆ. ಕೆಟ್ಟರೆ ಮೊಬೈಲಿಗೆ ಸಂದೇಶ ಬರುತ್ತದೆ. ರಿಪೇರಿಗೆ ಬಂದವರು ಇಡಿಯಾಗಿ ಬದಲಿಸಿ ಹೋಗುತ್ತಾರೆ. ಅನುಕೂಲವೇ, ಇಲ್ಲವೆನ್ನುವುದಿಲ್ಲ. ಆದರೆ ಏನು ಕೆಟ್ಟಿತ್ತೆಂದು ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ. ನನ್ನ ಮಗಳು ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾಳೆ. ಅವಳನ್ನು ಯಾರೂ ಏನೂ ಕೇಳುವುದಿಲ್ಲ.