ಹದಿನೇಳನೇ ಬಿಳಿಕಲ್ಲು

ಮೂವತ್ತೊಂದು ವರ್ಷ ಊರಿನ ಮೋರಿ ಕಾಯ್ದವನಿಗೆ ಹುಟ್ಟಿನ ಹೆಸರು ಯಾಕೆ ಬೇಕು? ಮುದುಕರಿಂದ ಮಕ್ಕಳವರೆಗೆ ಎಲ್ಲರಿಗೂ ಅವನು ಮೋರಿಮಾವ. ಹಳೇ ಜಿಲ್ಲಾ ಮಂಡಳಿಯಲ್ಲಿ ಮೇಸ್ತ್ರಿಯಾಗಿದ್ದ. ರಸ್ತೆ, ಬೀದಿದೀಪ, ಕುಡಿಯುವ ನೀರು, ಶಾಲೆಯ ಹೆಂಚು, ಕಡೆಗೆ ದಿಕ್ಕಿಲ್ಲದ ಹೆಣಕ್ಕೆ ಮಣ್ಣು ಕೊಡುವುದು, ಎಲ್ಲವೂ ಆ ಮಂಡಳಿಯದೇ ಹೊಣೆ. ಇದ್ದದ್ದು ನಾಲ್ಕು ಕೋಣೆ, ಸೋರುವ ಸೂರು. ನಕ್ಷೆ ಬರೆಸುವ ಗತಿಯಿರಲಿಲ್ಲ. ಹಾಗಾಗಿ ರಸ್ತೆಯಡಿ ಮೋರಿಯಿದ್ದಲ್ಲೆಲ್ಲ ಪಕ್ಕಕ್ಕೊಂದು ಬಿಳಿಕಲ್ಲು ನೆಟ್ಟು ನಂಬರು ಕೆತ್ತುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಮೋರಿಮಾವ ಕಲ್ಲಿನಿಂದ ಕಲ್ಲಿಗೆ ನಡೆದು ನಲವತ್ತೆರಡು ಮೋರಿಗಳ ಹೂಳು ತೆಗೆಸುತ್ತಿದ್ದ.

ಆಮೇಲೆ ಮೇಲಿನವರು ಒಂದು ಸಹಿ ಹಾಕಿ ಮಂಡಳಿಯನ್ನು ದೊಡ್ಡ ಪ್ರಾಧಿಕಾರದೊಳಗೆ ಸೇರಿಸಿಬಿಟ್ಟರು. ಆ ಮಹಾನುಭಾವರು ಮೊದಲು ಮಾಡಿದ್ದೇನು? ಬಿಳಿಕಲ್ಲು ಓಡಾಟಕ್ಕೆ ಅಡ್ಡಿ ಎಂದು ನಲವತ್ತೆರಡನ್ನೂ ಕಿತ್ತು, ಮೋರಿಗಳ ಬಾಯಿ ಮುಚ್ಚುವಂತೆ ಡಾಂಬರು ಬಳಿದರು.

ಮೋರಿಮಾವನ ಮಗಳ ಹೊಲಿಗೆ ಅಂಗಡಿ ತಗ್ಗಿನ ಬೀದಿಯಲ್ಲಿ, ಹದಿನೇಳನೇ ಕಲ್ಲಿದ್ದ ಜಾಗದ ಎದುರಿಗೇ ಇತ್ತು. ಬೇಸಿಗೆಯಿಡೀ ಅವನು ಪ್ರಾಧಿಕಾರದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ.

"ಅಲ್ಲಿ ಮೋರಿ ಇದೆ ಸ್ವಾಮಿ, ಬಾಯಿ ಬಿಡಿಸಿ. ಇಲ್ಲಾಂದ್ರೆ ನೀರೆಲ್ಲ ಮನೆಯೊಳಗೆ ನುಗ್ಗುತ್ತೆ."

"ನಕ್ಷೇಲಿ ಇಲ್ವಲ್ಲ ಅಜ್ಜ," ಎಂದ ಇಂಜಿನಿಯರು.

"ನೀರು ನಕ್ಷೆ ನೋಡ್ಕೊಂಡು ಹರಿಯುತ್ತಾ?"

ಆ ಪುಣ್ಯಾತ್ಮ ಕಿವಿಗೇ ಹಾಕಿಕೊಳ್ಳಲಿಲ್ಲ.

ಮೊದಲ ದೊಡ್ಡ ಮಳೆಗೇ ಅಂಗಡಿಯೊಳಗೆ ಮೊಣಕಾಲುದ್ದ ಕೊಚ್ಚೆ ನೀರು. ಎರಡು ಹೊಲಿಗೆ ಮಿಷನ್ನು, ಶಾಲೆ ಮಕ್ಕಳ ಯೂನಿಫಾರ್ಮಿನ ಬಟ್ಟೆ, ಎಲ್ಲ ಹಾಳು. ಮಗಳು ಅಳಲಿಲ್ಲ. "ಅಪ್ಪ, ನೀನಿದ್ದೂ ಹೀಗಾಯ್ತಲ್ಲ," ಎಂದಳು, ಅಷ್ಟೆ. ಅವನ ಮೈಯೆಲ್ಲ ಉರಿದುಹೋಯಿತು.

ಹಾರೆ ಹಿಡಿದು ರಸ್ತೆ ಒಡೆಯಲು ನಿಂತ. ಗುರುತಿಗೆ ಕಲ್ಲಿಲ್ಲದೆ ಅವನಂಥವನೂ ಎರಡು ಕಡೆ ತಪ್ಪಿದ. ಮೂರನೇ ಕಡೆ ಬಾಯಿ ಸಿಕ್ಕಿ ನೀರು ದಬದಬ ಇಳಿಯಿತು. ವಾರದೊಳಗೆ ನೋಟೀಸು ಬಂತು: ಸಾರ್ವಜನಿಕ ಆಸ್ತಿಗೆ ಹಾನಿ.

ನೋಟೀಸು ಹಿಡಿದು ಕಚೇರಿಗೆ ಹೋದರೆ ಏನು ಕಾಣಬೇಕು? ಅಂಗಳದ ಹೂಪಾತಿಯ ಸುತ್ತ ಅಂಚುಗಟ್ಟಿ ಕೂತಿದ್ದವು, ಅವನ ಬಿಳಿಕಲ್ಲುಗಳು. ಬಗ್ಗಿ ಹುಡುಕಿ ಹದಿನೇಳನೆಯದನ್ನು ಕಿತ್ತು ಹೆಗಲಿಗೇರಿಸಿದ.

"ಅದು ಆಫೀಸಿನ ಆಸ್ತಿ, ಕೆಳಗಿಡಿ," ಎನ್ನುತ್ತ ಇಂಜಿನಿಯರು ಹೊರಗೆ ಬಂದ.

"ಕೆತ್ತಿದ್ದು ನಾನು. ಉಳಿದ ನಲವತ್ತೊಂದು ಎಲ್ಲೆಲ್ಲಿದ್ವು ಅಂತ ನಿಮ್ಮಲ್ಲಿ ಒಬ್ಬರಿಗಾದ್ರೂ ಗೊತ್ತಾ?"

ಇಂಜಿನಿಯರು ಕಪ್ಪಾಗುತ್ತಿದ್ದ ಮೋಡ ನೋಡಿದ. ಮೋರಿಮಾವ ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಓಡಿಬಂದ.

"ಅಜ್ಜ, ನಿಲ್ಲಿ. ನೀವು ಹೇಳಿ, ಬರ್ಕೊಳ್ತೀನಿ."

ಮೋರಿಮಾವ ತಿರುಗಿಯೂ ನೋಡಲಿಲ್ಲ.

"ಪೆನ್ನು ಒಳಗಿಟ್ಟು ಹಾರೆ ತಗೊಂಡ್ ಬನ್ನಿ."